ಅಪ್ಪನ ತಿಥಿಗೆ ಬರಬೇಡ

ತಮ್ಮ ಚುನ್‌ಬೆಗೆ,

ಹೋದ ವರ್ಷ ಅಪ್ಪನ ತಿಥಿಗೆ ಬರಲಿಲ್ಲವೆಂದು ಬೈದಿದ್ದೆ. ಈ ವರ್ಷ ಬಂದರೆ ಕಾಲು ಮುರಿಯುತ್ತೇನೆ.

ಹಮ್‌ಗ್ಯೊಂಗ್ ಪ್ರಾಂತ ಹಿಡಿದ ಜಪಾನಿನ ದಂಡು ಈಗ ನಮ್ಮ ಮನೆಗೇ ಬಂದು ಕೂತಿದೆ. ಗುಡ್ಡ ಸೇರಿ ಹೋರಾಡುವ ಮಗನೂ ತಿಥಿಗೆ ಬಂದೇ ಬರುತ್ತಾನೆಂದು ಯಾವನೋ ಹಾಳಾದವನು ಹೇಳಿಕೊಟ್ಟಿದ್ದಾನೆ. “ಎಡೆ ಜೋರಾಗಿರಲಿ ಮುದುಕ, ತಮ್ಮ ಬರದಿದ್ದರೆ ನಿನ್ನ ತಲೆ ಹೋಗುತ್ತೆ” ಎಂದು ದುಭಾಷಿಯಿಂದ ಹೇಳಿಸಿ, ಅವರ ನಾಯಕ ನಮ್ಮ ಕಣಜದ ಅಕ್ಕಿಯನ್ನೇ ನನಗೆ ದಾನ ಮಾಡಿದ.

ನೀನು ಅಲ್ಲೇ ಹಿಮದ ಮೇಲೆ ನವಣೆ ಅನ್ನ ಇಟ್ಟು ಅಡ್ಡಬೀಳು. ಅಪ್ಪ ಬೈದರೆ ನಾನು ಹೋಗಿ ಸಮಾಧಾನ ಹೇಳುತ್ತೇನೆ. ಕಾಗದ ತಂದ ಉಪ್ಪು ಮಾರುವ ಮುದುಕಿಗೆ ಬಿಸಿ ಗಂಜಿ ಕೊಡು, ವಾಪಸು ಕಳಿಸಬೇಡ.

ಬರುವ ವರ್ಷದಿಂದ ಅಪ್ಪನ ಬಟ್ಟಲ ಪಕ್ಕ ಇನ್ನೊಂದು ಬಟ್ಟಲು ಇಡು. ದಿನ ಅದೇ.

ನಿನ್ನ ಅಣ್ಣ,
ದೊಕ್‌ಬೆ