ಖಲಾಸ್ ಎಂದರೆ

ಅಹ್ಮದಿ, ಕುವೈತ್

ಪ್ರಿಯ ತಿಲಕ್,

ನೈಜೆಲ್‌ನ ದೇಹದ ಜೊತೆ ಹೊರಡುವ ಮೊದಲು ಅವನ ಟೆಂಟು, ಗಾಳಗಳನ್ನು ಬೋಟ್ಸ್ವಾನದಲ್ಲೇ ಯಾರಿಗಾದರೂ ಕೊಟ್ಟುಬಿಡು. ಜೀಪಿನಲ್ಲಿ ಸಿಕ್ಕಿದ ಫೋನನ್ನು ಮಾತ್ರ ನನ್ನ ಕೈಗೇ ತಂದುಕೊಡು. ಅವನ ಮಮ್ಮಿ ಬ್ರಿಜಿಟ್ ಎಷ್ಟು ಅತ್ತು ಕೇಳಿದರೂ ಕೊಡಬೇಡ.

ನದಿ ಉಕ್ಕಿ ಜೀಪನ್ನು ಸುತ್ತಿಕೊಂಡಾಗ ಸಹಾಯ ತರಲು ನೀನು ಈಜಿ ಹೋದೆ. ಮಗನಿಗೆ ಈಜು ಕಲಿಸದವನು ನಾನು, ತಪ್ಪು ನಿನ್ನದಲ್ಲ.

ಆಗ ಅವನಿಂದ ನನಗೊಂದು ಮೆಸೇಜ್ ಬಂದಿತ್ತು: "ಡ್ಯಾಡಿ, ಖಲಾಸ್." ಇಲ್ಲಿ ನಮಗೆ ಡ್ಯೂಟಿ ಮುಗಿದರೂ ಖಲಾಸ್, ಊಟ ಮುಗಿದರೂ ಖಲಾಸ್. ಕ್ಯಾಂಪ್ ಮುಗಿಸಿ ಹೊರಟಿದ್ದಾನೆ ಅಂದುಕೊಂಡೆ. "ಎಷ್ಟು ಮೀನು ಸಿಕ್ತು ಮಗಾ?" ಎಂದು ಬರೆದೆ.

ನೀಲಿ ಟಿಕ್ ಬಿದ್ದಿದೆ, ತಿಲಕ್. ಅವನು ಅದನ್ನು ಓದಿದ್ದಾನೆ.

ನೈಜೆಲ್‌ನ ಡ್ಯಾಡಿ,
ಕೊನ್ರಾಡ್