ಸೀಟಿನಿಂದ ಶುರು ಮಾಡಿದ ಕಾರು

ಭಾನುವಾರ, ಸಂಜೆ

ಪ್ರೀತಿಯ ಬಾಯಿಬಡುಕಿಗೆ,

ಅಮ್ಮನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ಅಪ್ಪನೂ ಚೆನ್ನಾಗಿದ್ದಾರೆ. ನಿನ್ನ ಕೆಮ್ಮು ಕಡಿಮೆಯಾಗಿರಬೇಕು. ಆಗಿಲ್ಲದಿದ್ದರೆ ಬಿಸಿನೀರು ಕುಡಿ, ಹಟ ಮಾಡಬೇಡ.

ಈಗ ನಾನು ಬರೆಯಹೊರಟಿರುವ ಸಂಗತಿಯನ್ನು ಮೊದಲು ಹೇಳಿದವನು ನಿನ್ನ ಮಾವ. ಇವತ್ತು ಮಧ್ಯಾಹ್ನ ಊಟ ಮುಗಿದಿತ್ತು, ತಟ್ಟೆ ಇನ್ನೂ ಎತ್ತಿರಲಿಲ್ಲ. ಅವನು ಅಡುಗೆಮನೆಯ ನೆಲದ ಮೇಲೆ ಕೂತು, ಕೈಗೆ ಮೆತ್ತಿದ್ದ ಡಾಂಬರನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿಕೊಳ್ಳುತ್ತ ಹೇಳಿದ. ಹೇಳಿದ್ದು ಎರಡೇ ಮಾತು. ಆದರೆ ಅದು ನಿನಗೆ ಅರ್ಥವಾಗಬೇಕಾದರೆ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಉಪ್ಪು ತರಲು ಹೋದ ವಿಷಯ ಹೇಳುವುದಕ್ಕೂ ಸಮುದ್ರದಿಂದ ಶುರು ಮಾಡುವವಳು.

ನೀನು ಮನೆ ಬಿಟ್ಟು ಹೋದ ದಿನ ಅಂಗಡಿಯ ಬಾಗಿಲಲ್ಲಿ ನಿಂತು ಅಪ್ಪನಿಗೆ ಒಂದು ಮಾತು ಅಂದೆ. ನೆನಪಿದೆಯೋ ಇಲ್ಲವೋ. ಜನ್ಮವೆಲ್ಲ ಬೇರೆಯವರ ಕಾರಿನ ಸೀಟು ಹೊಲಿದಿರಿ, ಒಂದು ದಿನವಾದರೂ ಸ್ವಂತದ್ದರಲ್ಲಿ ಕೂತಿದ್ದೀರಾ ಎಂದೆ. ಅವರು ಎರಡನೇ ಹೊಲಿಗೆ ಮಷೀನಿನ ಮುಂದೆ ನೀನು ಕೂರಬೇಕೆಂದು ಆಸೆಪಟ್ಟಿದ್ದರು; ನೀನು ಒಲ್ಲೆ ಎಂದೆ. ಅಲ್ಲಿಗೆ ಮುಗಿಯಬಹುದಿತ್ತು. ನೀನು ಬಿಡಲಿಲ್ಲ. ಸ್ವಂತ ಕಾರಲ್ಲಿ ಬಂದು ಕರೆಯಿರಿ, ಆಗ ಬರುತ್ತೇನೆ ಎಂದೆ. ಅವರೂ ಬಿಡಲಿಲ್ಲ. ಹಾಗೇ ಬರುತ್ತೇನೆ ನೋಡುತ್ತಿರು ಎಂದರು. ಬಸ್ಸು ಹತ್ತಿದರೆ ಅರ್ಧ ದಿನದ ದಾರಿ. ಇಬ್ಬರದೂ ಒಂದೇ ಮೂಗು, ಒಂದೇ ಹಟ. ನಡುವೆ ನಾನೊಬ್ಬಳು, ಎರಡು ಊರಿಗೂ ಹಳಸದ ತಿಂಡಿ ಕಟ್ಟಿಕೊಂಡು ಓಡಾಡುವ ಕತ್ತೆ.

ಅದಾದ ಕೆಲವೇ ದಿನಕ್ಕೆ ಗುಜರಿಯವನ ಟ್ರಕ್ಕು ಆ ಕೆಂಪು ಕಾರನ್ನು ಎಳೆದು ತಂದು ನಮ್ಮ ಶೆಡ್ಡಿನ ಮುಂದೆ ಇಳಿಸಿತು. ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಅದರಲ್ಲಿ ಕೂರುವುದಕ್ಕಿಂತ ಚಾಪೆಯ ಮೇಲೆ ಮಲಗುವುದು ಎತ್ತರ. ಒಂದು ಬಾಗಿಲು ಒಳಕ್ಕೆ ನುಗ್ಗಿತ್ತು. ಒಂದು ದೀಪ ಇರಲಿಲ್ಲ. ಮೇಲ್ಛಾವಣಿ ಬಟ್ಟೆಯದು, ಅದು ಬೆಕ್ಕು ಪರಚಿದ ಪರದೆಯ ಹಾಗೆ ಚಿಂದಿಯಾಗಿತ್ತು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅಪ್ಪ ಅದರ ಸುತ್ತ ಒಂದು ಸುತ್ತು ಬಂದು, ಇದಕ್ಕೆ ಬೇಕಾಗಿರುವುದು ಮೆಕ್ಯಾನಿಕ್ ಅಲ್ಲ, ದರ್ಜಿ ಎಂದರು. ಅಷ್ಟು ಖುಷಿಯಾಗಿ ಅವರು ಮಾತಾಡಿದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಕಾರನ್ನು ಮೊದಲು ಮೇಲಕ್ಕೆತ್ತಿ ಅಡಿ ನೋಡುತ್ತಿದ್ದರು. ನಂತರ ಎಂಜಿನ್ನು, ಚಕ್ರ, ಬಣ್ಣ. ಕಟ್ಟಕಡೆಗೆ ಸೀಟು, ಕಾರ್ಪೆಟ್. ನಾವು ಸೀಟು ಹೊಲಿಯುವ ಜನ. ನಮಗೆ ಕಾರೆಂದರೆ ಒಳಗಿನದು. ಹೊರಗಿನ ತಗಡು ಅದಕ್ಕೆ ಹೊದಿಸಿದ ಹೊದಿಕೆ. ಹಾಗಾಗಿ ಹರಿದ ಸೀಟನ್ನು ಒಂದು ದಿನವೂ ನೋಡಲಾರದೆ ಅಪ್ಪ ಮೊದಲು ಅದನ್ನೇ ಕಿತ್ತರು. ಹಳೆಯ ಕಾರ್ಪೆಟ್ ಕೊಳೆತು ನಾರುತ್ತಿತ್ತು, ಅದನ್ನೂ ಕಿತ್ತರು. ಕೆಂಪಿಗೆ ಒಪ್ಪುವ ಬೂದಿಬಣ್ಣದ ಕಾರ್ಪೆಟ್ ತಂದು, ಮೂಲೆಮೂಲೆಗೂ ಅಳೆದು, ಗಮ್ ಹಚ್ಚಿ ಕೂರಿಸಿದರು. ಆ ಕೆಲಸಕ್ಕೆ ನನ್ನನ್ನು ಶೆಡ್ಡಿನೊಳಗೆ ಬಿಡಲಿಲ್ಲ. ಮುಗಿದ ಮೇಲೆ ಕರೆದು ತೋರಿಸಿದರು. ನಿಜವಾಗಿ ಹೇಳುತ್ತೇನೆ, ಅಲ್ಲಿ ಬರಿಗಾಲಿಟ್ಟಾಗ ನಮ್ಮ ಮನೆಯಲ್ಲೇ ನಾನು ನೆಂಟಳಾದ ಹಾಗನ್ನಿಸಿತು. ನಿನ್ನ ಮಾವ ಆಗಲೇ ನಕ್ಕಿದ್ದ. ಬುನಾದಿ ಹಾಕುವ ಮೊದಲೇ ಭಾವ ಕಿಟಕಿಗೆ ಪರದೆ ಕಟ್ಟುತ್ತಿದ್ದಾರೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಅವನು ವೆಲ್ಡರು. ಸೇತುವೆ ಕೆಲಸಕ್ಕೆಂದು ಊರೂರು ಸುತ್ತುವವನು. ಅಡಿಯ ಕೆಲಸವನ್ನು ನಾನೇ ಮಾಡಿಕೊಡುತ್ತೇನೆ, ರಜೆ ಸಿಗಲಿ ಎಂದಿದ್ದ. ಆ ರಜೆ ಸಿಕ್ಕಿದ್ದು ಈ ವಾರ.

ಇನ್ನು ಮುಂದಿನದನ್ನು ಬರೆಯುವ ಮೊದಲು ಮೇಲಿನ ಒಂದು ಸಾಲನ್ನು ಸರಿಮಾಡಬೇಕು. ಅಪ್ಪ ಚೆನ್ನಾಗಿದ್ದಾರೆ ಎಂದು ಬರೆದೆ. ಪ್ರತಿ ಕಾಗದದಲ್ಲೂ ಹಾಗೇ ಬರೆದುಕೊಂಡು ಬಂದಿದ್ದೇನೆ, ಕೈ ತಾನಾಗಿ ಬರೆಯುತ್ತದೆ. ಅವರು ಚೆನ್ನಾಗಿಲ್ಲ. ಅವರ ಕಣ್ಣು ಹೋಗುತ್ತಿದೆ. ಕನ್ನಡಕದಿಂದ ಸರಿಹೋಗುವಂಥದ್ದಲ್ಲ. ಕಣ್ಣಿನ ಹಿಂದಿನ ನರವೇ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ್ದಾರೆ. ಮುಂದಿನ ಚಳಿಗಾಲದ ತನಕ ಉಳಿದರೆ ಹೆಚ್ಚು ಎಂದರು. ನಿನಗೆ ತಿಳಿಸಕೂಡದೆಂದು ನನ್ನಿಂದ ಮಾತು ತೆಗೆದುಕೊಂಡರು. ಕನಿಕರಪಟ್ಟು ಅವಳು ಬರುವುದು ಬೇಡ, ನಾನು ಕಾರಲ್ಲಿ ಹೋಗಿ ನಿಂತಾಗ ಸೋತು ಬರಲಿ ಎಂದರು. ನಗುತ್ತಲೇ ಅಂದರು. ಆದರೆ ಆಮೇಲೊಂದು ದಿನ, ಸೀಟಿಗೆ ಹೊಲಿಗೆ ಹಾಕುತ್ತ, ನನ್ನ ಕಡೆ ತಿರುಗದೆ, ಅವಳ ಮುಖ ಒಂದು ಸಲ ಸರಿಯಾಗಿ ನೋಡಿಕೊಂಡು ಬಿಟ್ಟರೆ ಆಮೇಲೆ ಏನಾದರೂ ಆಗಲಿ ಎಂದರು.

ಅಂಗಡಿಗೆ ಗಿರಾಕಿಗಳು ಕಡಿಮೆಯಾದರು. ಅಪ್ಪ ಹಾಕಿದ ಹೊಲಿಗೆ ಗೆರೆ ತಪ್ಪತೊಡಗಿತ್ತು. ಅವರು ಮಧ್ಯಾಹ್ನ ಒರಗಿದಾಗ ನಾನು ಅದನ್ನು ಬಿಚ್ಚಿ, ಅದೇ ತೂತುಗಳ ಪಕ್ಕದಲ್ಲಿ ಮತ್ತೆ ಹೊಲಿದಿಡುತ್ತಿದ್ದೆ. ಚರ್ಮಕ್ಕೆ ಬಿದ್ದ ತೂತು ಮುಚ್ಚುವುದಿಲ್ಲ, ಗಿರಾಕಿಗಳಿಗೆ ಕಣ್ಣಿತ್ತು. ಕಾರಿನ ಸೀಟನ್ನು ಮಾತ್ರ ಮುಟ್ಟಬೇಡ ಎಂದಿದ್ದರು. ಅದನ್ನು ನಾನು ಮುಟ್ಟಿಲ್ಲ. ಡ್ರೈವರ್ ಸೀಟಿನ ಹೊಲಿಗೆ ನೆಟ್ಟಗಿದೆ. ಪಕ್ಕದ ಸೀಟಿನದು, ನಿನಗೆಂದು ಹೊಲಿದದ್ದು, ಇರುವೆ ಸಾಲು ದಾರಿ ತಪ್ಪಿದ ಹಾಗೆ ಹೋಗಿದೆ.

ಈಗ ಮಾವ ಹೇಳಿದ ಎರಡು ಮಾತು. ನಿನ್ನೆ ಅವನು ಕಾರನ್ನು ದಿಮ್ಮಿಗಳ ಮೇಲೆ ಏರಿಸಿ ಅಡಿಗೆ ತೂರಿದ. ತುಕ್ಕು ಹಿಡಿಯದಿರಲೆಂದು ಅಡಿಗೆ ಬಳಿದಿದ್ದ ಹಳೆಯ ಡಾಂಬರು ಕೆರೆಯುತ್ತ ಇವತ್ತು ಬೆಳಿಗ್ಗೆಯೆಲ್ಲ ಅಲ್ಲೇ ಮಲಗಿದ್ದ. ಊಟಕ್ಕೆ ಎದ್ದು ಬಂದವನು ಬಾಯಿಬಿಡಲಿಲ್ಲ. ನಾನು ಕೆಣಕಿದೆ, ಡಾಂಬರು ನಾಲಿಗೆಗೂ ಅಂಟಿತೇನೋ ಎಂದೆ. ಅಪ್ಪ ಕೈತೊಳೆದು ಪಕ್ಕದ ಕೋಣೆಗೆ ಹೋಗಿ ಮಲಗುವ ತನಕ ಕಾದ. ಆಮೇಲೆ ಅಂದ:

"ಅಕ್ಕಾ, ಅದು ಒಂದು ಕಾರಲ್ಲ. ಎರಡು ಕಾರು."

ಮುಂದಿನ ಅರ್ಧ ಒಂದು ಕಾರಿನದಂತೆ, ಹಿಂದಿನ ಅರ್ಧ ಇನ್ನೊಂದರದಂತೆ. ಎರಡೂ ಎಲ್ಲೋ ಗುದ್ದಿಕೊಂಡು ಸತ್ತಂಥವು. ಒಂದರ ಮೂತಿ ಚೆನ್ನಾಗಿತ್ತು, ಇನ್ನೊಂದರ ಬೆನ್ನು. ಯಾರೋ ಎರಡನ್ನೂ ಸೀಟಿನ ಹಿಂದೆ ಅಡ್ಡಡ್ಡ ಕತ್ತರಿಸಿ, ಸೇರಿಸಿ ವೆಲ್ಡ್ ಮಾಡಿ, ಡಾಂಬರು ಬಳಿದು, ಮೇಲೆ ಕೆಂಪು ಹೊಡೆದಿದ್ದಾರೆ. ಕೆಂಪಿನಡಿಯಲ್ಲಿ ಮುಂದೆ ನೀಲಿ, ಹಿಂದೆ ಬಿಳಿ. ಆ ಬೆಸುಗೆಯೂ ಈಗ ತುಕ್ಕು ತಿಂದು ಜರಡಿಯಾಗಿದೆ. ನೀನೇ ಮತ್ತೆ ಬೆಸೆಯಲಾರೆಯಾ ಎಂದು ಕೇಳಿದೆ. ಅವನು ತಲೆಯಾಡಿಸಿದ. ಬೆಸೆಯುವುದಕ್ಕೆ ಗಟ್ಟಿ ತಗಡು ಬೇಕಲ್ಲ, ಎರಡು ಕಡೆಯೂ ಬೆಂಕಿ ಮುಟ್ಟಿಸಿದರೆ ಉದುರುತ್ತದೆ ಎಂದ.

"ರಸ್ತೆಗೆ ಇಳಿದರೆ ಮೊದಲ ಗುಂಡಿಗೇ ಮುರಿಯುತ್ತೆ. ಭಾವ ಒಂದು ಕಡೆ ಬೀಳ್ತಾರೆ, ಮಗಳು ಒಂದು ಕಡೆ."

ಅಷ್ಟೇ. ನಾನು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟೆ. ಮತ್ತೆ ಬಿಡಿಸಿ ಇಟ್ಟೆ. ಅವನ ಕಣ್ಣಲ್ಲಿ ನೀರಿತ್ತು, ಸೀಮೆಎಣ್ಣೆಯದೆಂದು ಸುಳ್ಳು ಹೇಳಿದ. ಭಾವನಿಗೆ ಹೇಳುವುದು ಬೇಡ ಎಂದ. ಕಣ್ಣು ಪೂರ್ತಿ ಹೋಗುವ ತನಕ ಆ ಬಿಡಿಭಾಗ ಸಿಗಲಿಲ್ಲ, ಈ ಬಿಡಿಭಾಗ ಸಿಗಲಿಲ್ಲ ಎಂದು ತಳ್ಳೋಣ. ಹೋದ ಮೇಲೆ ಒಳಗೆ ಕೂರಿಸಿ ಎಂಜಿನ್ ಚಾಲೂ ಮಾಡೋಣ, ನಾನು ಹಿಂದಿನಿಂದ ಅಲುಗಾಡಿಸುತ್ತೇನೆ, ನೀನು ಮುಂದೆ ನಿಂತು ಬೀಸಣಿಗೆಯಿಂದ ಗಾಳಿ ಹಾಕು ಎಂದ. ನಿನ್ನನ್ನು ಕರೆಸಿ ಪಕ್ಕದಲ್ಲಿ ಕೂರಿಸಿದರೆ ಸಾಕಂತೆ. ನನ್ನ ಕೈಯಲ್ಲಿ ಸೌಟಿತ್ತು, ಹೊಡೆದುಬಿಡುತ್ತಿದ್ದೆ. ಕುರುಡನಿಗೆ ಆಟ ತೋರಿಸುತ್ತೀಯೇನೋ ಎಂದು ಬೈದೆ. ಅವನು ಎದ್ದುಹೋದ. ಅವನು ಹೋದ ಮೇಲೆ ನಾನು ಏನು ಮಾಡಿದೆ ಗೊತ್ತೇ? ಬೀಸಣಿಗೆ ಎಲ್ಲಿಟ್ಟಿದ್ದೇನೆಂದು ಒಂದು ಕ್ಷಣ ಯೋಚಿಸಿದೆ. ಎಷ್ಟು ಕೆಳಗೆ ಇಳಿದಿದ್ದೇನೆ ನೋಡು.

ಅದಕ್ಕೇ ಈ ಕಾಗದ. ಕೊಟ್ಟ ಮಾತು ಮುರಿಯುತ್ತಿದ್ದೇನೆ. ಆ ಕಾರು ನಿನ್ನ ಬಾಗಿಲಿಗೆ ಬರುವುದಿಲ್ಲ, ಎಂದೂ ಬರುವುದಿಲ್ಲ. ನೀನೇ ಬಾ. ಕಾಗದ ಮಡಚುವ ಮೊದಲೇ ಚೀಲ ತುಂಬು. ಗೆದ್ದವರು ಯಾರು ಸೋತವರು ಯಾರು ಎಂದು ಆಮೇಲೆ ಕೂತು ಜಗಳವಾಡಿ. ಈ ತಿಂಗಳು ಮಸುಕು ಹೆಚ್ಚಿಲ್ಲ, ಹೊಸ ಔಷಧ ಹಿಡಿಸಿದೆ ಎನ್ನುತ್ತಿದ್ದಾರೆ. ಎಡವುವುದೂ ಇಲ್ಲ, ಲೋಟ ಉರುಳಿಸುವುದೂ ಇಲ್ಲ. ಇನ್ನೂ ಸ್ವಲ್ಪ ಸಮಯವಿದೆ. ಬಂದು ಅವರೆದುರಿಗೆ ಬೆಳಕಿಗೆ ಮುಖಮಾಡಿ ನಿಲ್ಲು. ಅವರು ಸಾಕೆನ್ನುವ ತನಕ ಅಲ್ಲಾಡಬೇಡ.

ಇಂತಿ ನಿನ್ನ,
ಅಮ್ಮ

ಮತ್ತೆ: ಇದನ್ನು ಬರೆಯುತ್ತಿರುವುದು ಸೋಮವಾರ. ಲಕೋಟೆ ಅಂಟಿಸಿರಲಿಲ್ಲ, ಅದು ಒಳ್ಳೆಯದೇ ಆಯಿತು.

ಬೆಳಿಗ್ಗೆ ನಿನ್ನ ಮಾವ ಚೀಲ ಹೆಗಲಿಗೇರಿಸಿ ಸೇತುವೆಗೆ ಹೊರಟುಹೋದ. ನಾನು ಶೆಡ್ಡಿಗೆ ಹೋದೆ. ಆ ಬೆಸುಗೆಯನ್ನು ನನ್ನ ಕಣ್ಣಿಂದ ನೋಡದೆ ನಂಬಲಾರದೆ, ದೀಪ ಹಾಕಿ, ಚರ್ಮ ಕೊಯ್ಯುವ ಕತ್ತಿಯಿಂದ ಸೀಟಿನ ಹಿಂದಿನ ಕಾರ್ಪೆಟ್ ಎಬ್ಬಿಸಿದೆ. ಅಡಿಯಲ್ಲಿ ಬೆಸುಗೆ ಕಾಣಲಿಲ್ಲ. ಅದರ ಉದ್ದಕ್ಕೂ ಎರಡು ಪದರ ಉಣ್ಣೆಪಟ್ಟಿ ಹಾಸಿತ್ತು. ಪಟ್ಟಿಯ ಎರಡೂ ಅಂಚನ್ನು, ಕಾಲಿಗೆ ಉಬ್ಬು ತಿಳಿಯದ ಹಾಗೆ, ಕಾಗದದಷ್ಟು ತೆಳ್ಳಗೆ ಹೆರೆದಿತ್ತು. ಹಾಗೆ ಹೆರೆಯುವ ಕೈ ಈ ಊರಲ್ಲಿ ಒಂದೇ.

ಹಿಂದೆ ಸದ್ದಾಯಿತು. ಅಪ್ಪ ಬಾಗಿಲಲ್ಲಿ ನಿಂತಿದ್ದರು. ನಿನ್ನ ಮಾವನ ಮಾತು ಕೇಳಿದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅವರು ಎಲ್ಲ ಕೇಳಿಸಿಕೊಂಡಿದ್ದರು.

"ಕಾರ್ಪೆಟ್ ಹಾಸಿದ ದಿನವೇ ಗೊತ್ತಾಯ್ತು," ಅಂದರು. "ನಿಂಗೆ ಹೇಳಿದ್ರೆ ನೀನು ಅವತ್ತೇ ಗುಜರಿಗೆ ವಾಪಸ್ ಕಳಿಸ್ತಿದ್ದೆ. ಆಮೇಲೆ ನಾನು ಯಾರ ಸೀಟು ಹೊಲೀಲಿ? ಇದಕ್ಕಾದ್ರೆ ಗಿರಾಕಿ ಇಲ್ಲ, ಬಿಚ್ಚಿ ಹೊಲಿಯೋರೂ ಇಲ್ಲ."

ನನಗೆ ಸಿಟ್ಟು ಬಂತು. ಹಾಗಾದರೆ ಬಸ್ಸು ಹತ್ತಿ ಮಗಳನ್ನು ನೋಡಿ ಬರಲು ಏನಾಗಿತ್ತು ಎಂದು ಕೂಗಬೇಕೆಂದಿದ್ದೆ. ಅಷ್ಟರಲ್ಲಿ ಅವರು ಗೋಡೆ ಹಿಡಿದು ಎರಡು ಹೆಜ್ಜೆ ಬಂದು, ಮೆಲ್ಲಗೆ ಅಂದರು:

"ಮೊದಲು ಲೈಟ್ ಹಾಕ್ಕೊ. ಕತ್ತಲಲ್ಲಿ ಕತ್ತಿ ಹಿಡೀಬೇಡ, ಕೈ ಕುಯ್ದುಕೊಳ್ತೀಯ."

ಬಲ್ಬು ಅವರ ಹಣೆಯ ಹತ್ತಿರವೇ ಉರಿಯುತ್ತಿತ್ತು. ಯಾವಾಗಿನಿಂದ ಎಂದು ನಾನು ಕೇಳಲಿಲ್ಲ. ಸ್ವಿಚ್ಚಿನ ಸದ್ದು ಕೇಳದಿದ್ದಾಗಲೇ ಅವರಿಗೆ ತಾವು ಅಂದದ್ದೇನೆಂದು ತಿಳಿಯಿತು. ತಡವಿಕೊಂಡು ಬಂದು ಕಾರಿನ ಪಕ್ಕ ಕೂತರು. ಅವಳಿಗೆ ಕಾಗದ ಬರೆದೆಯಾ ಎಂದು ಕೇಳಿದರು. ಬರೆದೆ, ಬೇಗ ಬಾ ಎಂದು ಬರೆದೆ ಎಂದೆ.

"ತಿದ್ದು," ಅಂದರು. "ಈಗ ಅವಸರ ಇಲ್ಲ ಅಂತ ಬರೆ."

ತಿದ್ದಿಲ್ಲ. ಅವರು ಅಂದದ್ದನ್ನು ಅಂದ ಹಾಗೆ ಇಲ್ಲಿ ಸೇರಿಸಿದ್ದೇನೆ, ನೀನೇ ಓದಿಕೋ. ಆಮೇಲೆ ಗಮ್ ಡಬ್ಬಿ ತಂದೆ. ನಾನೆಬ್ಬಿಸಿದ ಕಾರ್ಪೆಟ್ಟನ್ನು ಇಬ್ಬರೂ ಸೇರಿ ಮತ್ತೆ ಕೂರಿಸಿದೆವು. ಗಮ್ ಒಣಗುವ ತನಕ ಒತ್ತಿ ಹಿಡಿಯಬೇಕಲ್ಲ, ಅವರ ಕೈ ಒಂದು ಕಡೆ, ನನ್ನ ಕೈ ಒಂದು ಕಡೆ, ಹಿಡಿದುಕೊಂಡು ಕೂತೆವು.