ಬೆಳಕಿನ ಹಿಂದೆ ಬರುವ ಸದ್ದು

ಗುರುವಾರ, ಮಾರ್ಚ್ ೧೨

ಶಾಲೆ ಬಿಟ್ಟು ಮನೇಲಿ ಕೂತು ಏನು ಕಡಿದು ಗುಡ್ಡೆ ಹಾಕಿದೆ ಎಂಬ ಅಮ್ಮನ ಪ್ರಶ್ನೆ ಇವತ್ತೂ ಬರುತ್ತದೆಂದೇ ಹೆದರಿದ್ದೆ. ಕಂಪ್ಯೂಟರಿನಲ್ಲಿ ನಾನು ಬರೆದ ಬಾಣಬಿರುಸಿನ ಪ್ರೋಗ್ರಾಮನ್ನು ಮೊನ್ನೆ ತೋರಿಸಿದಾಗ ಅವಳು ಹೊಲಿಗೆ ಯಂತ್ರದಿಂದ ತಲೆಯೆತ್ತಿ, "ಅಷ್ಟು ದೂರ ಸಿಡಿದ್ರೆ ಬೆಳಕು ಮೊದಲು ಕಾಣುತ್ತೆ, ಸದ್ದು ಆಮೇಲೆ ಕೇಳುತ್ತೆ. ಅಷ್ಟೂ ಗೊತ್ತಿಲ್ವೇನೇ?" ಎಂದಿದ್ದಳು. ಎರಡು ದಿನ ಅದೇ ತಲೆ ಕೊರೆಯಿತು. ಕೊನೆಗೆ ಸದ್ದನ್ನು ಒಂದು ಸೆಕೆಂಡ್ ತಡಮಾಡಿಸಿದೆ.

ಸಂಜೆ ಮತ್ತೆ ಕರೆದು ಕೂರಿಸಿದೆ. ಪರದೆಯ ತುಂಬ ಕೆಂಪು ಕಿಡಿಗಳು ಸದ್ದಿಲ್ಲದೆ ಹರಡಿದವು. ಢಂ ಎನ್ನುವಷ್ಟರಲ್ಲಿ ಅಮ್ಮ ಎರಡೂ ಕಿವಿ ಮುಚ್ಚಿಕೊಂಡಾಗಿತ್ತು.

"ನಗಬೇಡ ಕಣೇ, ಕೈ ತಾನಾಗೇ ಹೋಯ್ತು," ಎಂದಳು. ಆ ಪ್ರಶ್ನೆ ಕೇಳಲೇ ಇಲ್ಲ.

ಸುಳ್ಳೇಕೆ ಬರೆಯಲಿ, ಆ ಒಂದು ಸೆಕೆಂಡ್ ಅಮ್ಮನದು. ಆದರೆ ಅವಳ ಕೈಯನ್ನು ಕಿವಿಗೆ ಏರಿಸಿದ ಬೆಳಕು, ಅದರ ಒಂದೊಂದು ಕಿಡಿಯೂ, ನನ್ನದೇ.